ತಾಲ್ಲೂಕು ಆಸ್ಪತ್ರೆಯ ಐಸಿಯು: ಕಲಿಯೋದು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ ಕೇಳಿದವರು (ವೈದ್ಯಾಧಿಕಾರಿ, ಮಲೆನಾಡು)

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಮುಗಿಸಿ ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಗೆ ಸೇರಿದ್ದೇನೆ. ಚಿಕ್ಕ ಐಸಿಯು ಇದೆ, ಕೋವಿಡ್ ಕಾಲದಲ್ಲಿ ಬಂದ ವೆಂಟಿಲೇಟರ್‌ಗಳಿವೆ. ಅರಿವಳಿಕೆ ತಜ್ಞರು ದಿನಾ ಇರುವುದಿಲ್ಲ. ರಾತ್ರಿ ನಾನು, ಇಬ್ಬರು ಸಿಸ್ಟರ್, ಅಷ್ಟೇ. ಹಾವು ಕಡಿತ, ವಿಷ ಕುಡಿದವರು, ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಸೋಲುವುದು), ಉಬ್ಬಸ, ಎಲ್ಲ ಬರುತ್ತವೆ. ದೊಡ್ಡ ಆಸ್ಪತ್ರೆ ಎರಡೂವರೆ ಗಂಟೆ ದಾರಿ. ಕೋರ್ಸ್ ಮಾಡಲಾ, ಓದಲಾ, ಎಲ್ಲಾದರೂ ಹೋಗಿ ನೋಡಿ ಬರಲಾ? ಅನುಭವ ಇದ್ದವರು ಹೇಳಿ.

ಅರಿವಳಿಕೆ ವೈದ್ಯೆ, ಹುಬ್ಬಳ್ಳಿ

ಡಾಕ್ಟ್ರೇ, ಕೋರ್ಸಿನ ಮಾತು ಆಮೇಲೆ. ಹಾಸಿಗೆ ಖಾಲಿ ಇರುವ ಒಂದು ಮಧ್ಯಾಹ್ನ ವೆಂಟಿಲೇಟರ್ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಡಿ. ಟ್ಯೂಬ್ ಜೋಡಿಸುವ ತುದಿಗೆ ಆಪರೇಷನ್ ಥಿಯೇಟರಿನಲ್ಲಿ ಸಿಗುವ ಎರಡು ಲೀಟರಿನ ರಿಸರ್ವಾಯರ್ ಬ್ಯಾಗ್ (ಗಾಳಿ ತುಂಬುವ ಚೀಲ) ಸಿಕ್ಕಿಸಿ, ಅದೇ ಶ್ವಾಸಕೋಶ ಅಂದುಕೊಳ್ಳಿ. ಅದಿಲ್ಲವಾ, ರಬ್ಬರ್ ಗ್ಲೌಸ್ ಕಟ್ಟಿದರೂ ನಡೆಯುತ್ತದೆ. ಬ್ಯಾಗನ್ನು ಕೈಯಲ್ಲಿ ಒತ್ತಿ ಹಿಡಿಯಿರಿ, ಪ್ರೆಷರ್ ಅಲಾರಂ ಹೊಡೆಯುತ್ತದೆ. ಸರ್ಕೀಟ್ (ಗಾಳಿಯ ಕೊಳವೆ) ಬಿಚ್ಚಿ, ಬೇರೆ ಅಲಾರಂ. ಆಕ್ಸಿಜನ್ ಪೈಪ್ ತೆಗೆಯಿರಿ. ಪ್ಲಗ್ ಕಿತ್ತು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ನೋಡಿ. ಕಂಪನಿಯ ಪುಸ್ತಕದಲ್ಲಿ ಬರೆದಿದ್ದಕ್ಕೂ ನಾಲ್ಕು ವರ್ಷ ಮೂಲೆಯಲ್ಲಿ ನಿಂತ ಮೆಷಿನ್ನಿಗೂ ಸಂಬಂಧ ಇರಲ್ಲ. ಕರೆಂಟ್ ಹೋಗುವ ಊರಲ್ಲಿ ಇದು ಮೊದಲೇ ಗೊತ್ತಿರಬೇಕು.

ಎನ್ಐವಿ ಮಾಸ್ಕನ್ನು (ಗಂಟಲಿಗೆ ಟ್ಯೂಬ್ ಹಾಕದೆ ಗಾಳಿ ಒತ್ತಿ ಕೊಡುವ ಮಾಸ್ಕ್) ನೀವೇ ಒಂದ್ಸಲ ಮುಖಕ್ಕೆ ಹಾಕಿಸಿಕೊಳ್ಳಿ. ಪ್ರೆಷರ್ 5ರಿಂದ 10ಕ್ಕೆ ಏರಿಸಲು ಹೇಳಿ. ರೋಗಿ ಯಾಕೆ ಕಿತ್ತು ಹಾಕುತ್ತಾನೆ ಅಂತ ಆಮೇಲೆ ಯಾರೂ ವಿವರಿಸಬೇಕಿಲ್ಲ.

ಇನ್ನೊಂದು, ಒಂದು ಅಳತೆ ಟೇಪ್ ಐಸಿಯುನಲ್ಲಿ ಇಡಿ. ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಮೆಷಿನ್ ಕೊಡುವ ಗಾಳಿ) ಲೆಕ್ಕ ಹಾಕುವುದು ಎತ್ತರದ ಮೇಲೆ, ಮೈತೂಕದ ಮೇಲಲ್ಲ. ಐದು ಅಡಿ ಎತ್ತರದ, 80 ಕೆಜಿ ತೂಕದ ಹೆಂಗಸು ಬಂದರು ಅಂದುಕೊಳ್ಳಿ. ಲೆಕ್ಕಕ್ಕೆ ಹಿಡಿಯಬೇಕಾದ ತೂಕ 45.5 ಕೆಜಿ. ಕೆಜಿಗೆ 6 ಎಂಎಲ್ ಅಂದರೆ ಸುಮಾರು 270. ತಕ್ಕಡಿ ನಂಬಿದವರು 480 ಕೊಡುತ್ತಾರೆ. 2000ದಲ್ಲಿ ಬಂದ ಅಮೆರಿಕದ ಎಆರ್‌ಡಿಎಸ್ (ಶ್ವಾಸಕೋಶ ಊದಿ ಆಕ್ಸಿಜನ್ ಇಳಿಯುವ ಕಾಯಿಲೆ) ಅಧ್ಯಯನದಲ್ಲಿ 12ರ ಬದಲು 6 ಎಂಎಲ್ ಕೊಟ್ಟಾಗ ಸಾವು ಶೇ. 39.8ರಿಂದ 31ಕ್ಕೆ ಇಳಿದಿತ್ತು. ಹೊಸ ಔಷಧಿ ಯಾವುದೂ ಅಲ್ಲ, ಗುಂಡಿ ತಿರುಗಿಸಿದ್ದು ಅಷ್ಟೇ. ಎತ್ತರದ ಪಟ್ಟಿ ಬರೆದು ಮೆಷಿನ್ನಿಗೇ ಅಂಟಿಸಿ.

ವೈದ್ಯ, ರಾಯಚೂರು ಕಡೆ

ನಮ್ಮದು ಹತ್ತಿ ಹೊಲಗಳ ಸೀಮೆ. ಕೀಟನಾಶಕ ಕುಡಿದವರೇ ಜಾಸ್ತಿ. ನಾನು ಹೊಸಬರಿಗೆ ಮಾಡಿಸುವ ಒಂದು ಅಭ್ಯಾಸ ಹೇಳುತ್ತೇನೆ, ಇದಕ್ಕೆ ಖರ್ಚಿಲ್ಲ.

ಆರ್ಗನೊಫಾಸ್ಫೇಟ್ (ಒಂದು ಬಗೆಯ ಕೀಟನಾಶಕ) ಕೇಸ್ ಬಂದಿದೆ ಅಂದುಕೊಂಡು, ಅದಕ್ಕೆ ಕೊಡುವ ಮದ್ದು ಆಟ್ರೊಪಿನ್ ಲೆಕ್ಕ ಬಾಯಲ್ಲಿ ಹೇಳಿಸಿ. ನಮ್ಮಲ್ಲಿ ಸಿಗುವ ಆಂಪೂಲ್ 0.6 ಮಿಗ್ರಾಂ. ಮೊದಲು 3 ಆಂಪೂಲ್. ಐದು ನಿಮಿಷಕ್ಕೆ ಮತ್ತೆ ಪರೀಕ್ಷೆ. ಸುಧಾರಿಸಿಲ್ಲವಾ, ಡಬಲ್: 6. ಆಮೇಲೆ 12, ಆಮೇಲೆ 24. ಕಾಲು ಗಂಟೆಯಲ್ಲಿ 45 ಆಂಪೂಲ್ ಆಯಿತು. ಈಗ ಕೇಳಿ: ನಿಮ್ಮ ಟ್ರೇನಲ್ಲಿ 45 ಇದೆಯಾ? ಸ್ಟೋರ್ ಕೀಲಿ ರಾತ್ರಿ ಯಾರ ಹತ್ತಿರ? ಆಂಪೂಲ್ ಒಡೆದು ಎಳೆದುಕೊಡುವವರು ಯಾರು? ಡೋಸ್ ಎಲ್ಲರಿಗೂ ಬಾಯಿಪಾಠ ಬರುತ್ತದೆ, ಇದಕ್ಕೆ ಉತ್ತರ ಮಾತ್ರ ಬರಲ್ಲ.

ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಹಾಸಿಗೆ ಪಕ್ಕದಲ್ಲೇ ಕಲಿಯಬೇಕು. ಎದೆಯ ಗೊರಗೊರ ಹೋಗಬೇಕು, ನಾಡಿ 80 ದಾಟಬೇಕು, ಮೇಲಿನ ಬಿಪಿ 80 ದಾಟಬೇಕು, ಕಂಕುಳು ಒಣಗಬೇಕು. ಕಣ್ಣಿನ ಪಾಪೆ ಒಂದನ್ನೇ ನೋಡುತ್ತಾ ಕೂರಬೇಡಿ. ಅಲ್ಲಿಗೆ ತಲುಪಲು ಎಷ್ಟು ಬೇಕಾಯಿತೋ ಅದರ ಶೇ. 10ರಿಂದ 20ರಷ್ಟು ಪ್ರತಿ ಗಂಟೆಗೆ ಇನ್‌ಫ್ಯೂಶನ್. ಜ್ವರ, ಬಡಬಡಿಕೆ, ಹೊಟ್ಟೆಯ ಸದ್ದು ನಿಂತಿದೆ ಅಂದರೆ ಜಾಸ್ತಿ ಆಗಿದೆ.

ಮತ್ತೆ, ಒಂದು ದಿನ ಚೆನ್ನಾಗಿ ಮಾತಾಡಿದ ಅಂತ ವಾರ್ಡಿಗೆ ಕಳಿಸಬೇಡಿ. ಒಂದರಿಂದ ನಾಲ್ಕು ದಿನದೊಳಗೆ ಉಸಿರಾಟದ ಸ್ನಾಯು ಸೋಲಬಹುದು. ಪಾಳಿಗೊಮ್ಮೆ "ದಿಂಬಿನಿಂದ ತಲೆ ಎತ್ತಪ್ಪಾ" ಅನ್ನಿ. ಎತ್ತಲಾಗದಿದ್ದರೆ ವೆಂಟಿಲೇಟರ್ ಸಿದ್ಧ ಇಟ್ಟುಕೊಳ್ಳಿ.

ಫಿಸಿಶಿಯನ್, ಶಿವಮೊಗ್ಗ

ಹಾವಿನ ವಿಷಯ ನಿಮ್ಮ ಕಡೆ ಬೇಕಾಗುತ್ತದೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ನಿಮ್ಮದೇ ರಕ್ತದ ಮೇಲೆ ಮಾಡಿ ನೋಡಿ. ಗಾಜಿನ ಟ್ಯೂಬೇ ಆಗಬೇಕು, ಹೊಸದು, ಒಣಗಿದ್ದು. ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬ್ ಅಥವಾ ಪ್ಲಾಸ್ಟಿಕ್ ಆದರೆ ಒಳ್ಳೆ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಆಗ ವಿಷ ಏರಿದೆ ಅಂದುಕೊಂಡು ಸುಮ್ನೆ ಹತ್ತು ವಯಲ್ ಎಎಸ್‌ವಿ (ಹಾವಿನ ವಿಷದ ಮದ್ದು) ಕೊಟ್ಟಂತಾಗುತ್ತದೆ. ಟ್ಯೂಬನ್ನು ಅಲ್ಲಾಡಿಸದೆ ಇಡಿ, 20 ನಿಮಿಷಕ್ಕೆ ಒಂದೇ ಸಲ ಬಗ್ಗಿಸಿ.

ಎಎಸ್‌ವಿ ಶುರು ಮಾಡುವ ಮೊದಲು ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದು ಪಕ್ಕದಲ್ಲಿರಲಿ, ಅಲರ್ಜಿ ಆದರೆ ಬೇಕು. ದೊಡ್ಡವರಿಗೆ 0.5 ಮಿಗ್ರಾಂ, ತೊಡೆಯ ಸ್ನಾಯುವಿಗೆ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಬಂದು ರೆಪ್ಪೆ ಜೋತುಬಿದ್ದಿದ್ದರೆ, ಕಡಿದ ಗುರುತು ಕಾಣದಿದ್ದರೂ ಕಟ್ಟುಹಾವು ಅಂತಲೇ ಯೋಚಿಸಿ. ನಮ್ಮ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಘಟ್ಟದ ತೋಟಗಳಲ್ಲಿ ಸಿಗುವ ಹಂಪ್‌ನೋಸ್ಡ್ ಪಿಟ್ ವೈಪರ್‌ಗೆ ಅದು ಕೆಲಸ ಮಾಡಲ್ಲ, ಅಲ್ಲಿ ಮೂತ್ರದ ಲೆಕ್ಕ ಇಡುವುದು, ಡಯಾಲಿಸಿಸ್ ಇರುವ ಕಡೆಗೆ ಬೇಗ ಕಳಿಸುವುದು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ, ಅದೂ ನೆನಪಿರಲಿ.

ಇಂಟೆನ್ಸಿವಿಸ್ಟ್ (ಐಸಿಯು ತಜ್ಞ), ಬೆಂಗಳೂರು

ಹುಬ್ಬಳ್ಳಿ ಮೇಡಂ ಮಾತು ಒಪ್ಪುತ್ತೇನೆ, ಆದರೆ ಕೋರ್ಸನ್ನು ಅಷ್ಟು ದೂರ ತಳ್ಳಬೇಡಿ. ಎಸಿಎಲ್‌ಎಸ್ (ಹೃದಯ ನಿಂತಾಗಿನ ತುರ್ತು ಚಿಕಿತ್ಸೆಯ ಕೋರ್ಸ್) ಮೊದಲು ಮುಗಿಸಿ. ಅದರ ಕಾರ್ಡ್ ಎರಡು ವರ್ಷಕ್ಕೆ, ಕೈಯ ಹಿಡಿತ ಮಾತ್ರ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಆಮೇಲೆ ಎಫ್‌ಸಿಸಿಎಸ್ (ಐಸಿಯು ಚಿಕಿತ್ಸೆಯ ಮೂಲಪಾಠ), ಎರಡು ದಿನದ್ದು. ಪೂರ್ತಿ ಸಮಯ ಇಂಟೆನ್ಸಿವಿಸ್ಟ್ ಇಲ್ಲದ ಕಡೆ ಕೆಲಸ ಮಾಡುವವರಿಗೇ ಮಾಡಿದ್ದು, ಅಂದರೆ ನಿಮಗೇ. 1993ರಲ್ಲಿ ಶುರುವಾದ ಐಎಸ್‌ಸಿಸಿಎಂ (ಐಸಿಯು ವೈದ್ಯರ ರಾಷ್ಟ್ರೀಯ ಸಂಘ) ಕೂಡ ಕಾರ್ಯಾಗಾರ ನಡೆಸುತ್ತಿರುತ್ತದೆ.

ದೊಡ್ಡ ಐಸಿಯುಗೆ ನೋಡಲು ಬಂದರೆ ಬೆಳಗಿನ ರೌಂಡ್ಸ್ ಹಿಂದೆ ಅಲೆಯಬೇಡಿ. ಅಲ್ಲಿ ಬರೀ ತೀರ್ಮಾನ ಕೇಳಿಸುತ್ತದೆ. ರಾತ್ರಿ ಪಾಳಿಯಲ್ಲಿ ಒಂದೇ ರೋಗಿಯ ಪಕ್ಕ ಕೂತು, ಬಿಪಿ ಬಿದ್ದಾಗ ರೆಸಿಡೆಂಟ್ ಮೊದಲು ಏನು ಮುಟ್ಟುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ, ಯಾವಾಗ ಫೋನ್ ಎತ್ತುತ್ತಾರೆ ಅಂತ ನೋಡಿ. ಹೊರಡುವಾಗ ಅವರ ನಂಬರ್ ತಗೊಳ್ಳಿ. ಅದೂ ಕಲಿಕೆಯೇ.

ಆಂಬುಲೆನ್ಸ್ ಸಿಬ್ಬಂದಿ, ಹಾಸನ ಜಿಲ್ಲೆ

ಡಾಕ್ಟ್ರು ಯಾರೂ ಹೇಳದ್ದು ಒಂದಿದೆ. ಚಿಕ್ಕ ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ನಿಮ್ಮ ದಾರಿಯೂ ಅಷ್ಟೇ ಅಂದಿರಿ. ಘಾಟಿಯಲ್ಲಿ ಲಾರಿ ನಿಂತರೆ? ಕಳಿಸುವ ಮೊದಲು ಲೆಕ್ಕ ಹಾಕಿ, ಎರಡನೆಯದು ಹತ್ತಿಸಿ. ಸ್ಪ್ಯಾನರ್ ಕೂಡ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು. ಆಟ್ರೊಪಿನ್ ಟ್ರೇ ಇವತ್ತೇ ಎಣಿಸಿಸುತ್ತೇನೆ. ಎರಡು ಅನುಮಾನ ಉಳಿದಿವೆ. ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಇಲ್ಲದೆ ಸಿಸ್ಟರ್‌ಗಳ ಜೊತೆ ಡ್ರಿಲ್ ಹೇಗೆ ಮಾಡೋದು? ಅವರು ಬೇರೆ ವಾರ್ಡಿಗೆ ಬದಲಾಗುತ್ತಲೇ ಇರುತ್ತಾರೆ. ಮನೆಯವರ ಹತ್ತಿರ ಮಾತಾಡೋದನ್ನ ಯಾರಿಂದ ಕಲಿಯಲಿ?

ಪಾಲಿಯೇಟಿವ್ ಕೇರ್ (ನೋವು ಶಮನ) ವೈದ್ಯೆ, ಮಂಗಳೂರು

ಎರಡನೆಯದಕ್ಕೆ ನಾನು. "ಸೀರಿಯಸ್ ಇದೆ, ಏನೂ ಹೇಳೋಕಾಗಲ್ಲ" ಅನ್ನುವುದನ್ನು ಬಿಡಿ. ಮನೆಯವರು ಅದನ್ನು ಹತ್ತು ಸಲ ಕೇಳಿರುತ್ತಾರೆ. ಕೂತುಕೊಂಡು, "ಇಲ್ಲಿವರೆಗೆ ನಿಮಗೆ ಏನು ಹೇಳಿದ್ದಾರೆ?" ಅಂತ ಮೊದಲು ಕೇಳಿ. "ವೆಂಟಿಲೇಟರ್ ಹಾಕಿದ್ರೆ ಮುಗೀತು" ಅಂತ ನಂಬಿದವರು ಬಹಳ ಜನ. ಕಟ್ಟುಹಾವಿನ ರೋಗಿ ಅದೇ ಮೆಷಿನ್ನಿನಿಂದ ಎದ್ದು ಮನೆಗೆ ಹೋಗುತ್ತಾನೆ, ಅದನ್ನು ಹೇಳಿ. ಉಳಿಯುವ ದಾರಿ ಇಲ್ಲದವರ ವಿಷಯದಲ್ಲಿ ಒಬ್ಬರೇ ನಿರ್ಧಾರ ಹೊರಬೇಡಿ. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಎರಡು ಹಂತದ ವೈದ್ಯಕೀಯ ಮಂಡಳಿ ಬೇಕು ಅಂತ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ, ಓದಿಕೊಳ್ಳಿ. ಅಭ್ಯಾಸಕ್ಕೆ ನಿಮ್ಮ ಸೀನಿಯರ್ ಸಿಸ್ಟರ್‌ನೇ ರೋಗಿಯ ಮಗಳಾಗಿ ಕೂರಿಸಿ. ಅವರಷ್ಟು ಕಷ್ಟದ ಪ್ರಶ್ನೆ ಯಾವ ಪ್ರೊಫೆಸರೂ ಕೇಳಲ್ಲ!

ಐಸಿಯು ಸಿಸ್ಟರ್, ಮೈಸೂರು

ಡ್ರಿಲ್ ಬಗ್ಗೆ ನಾನು ಹೇಳ್ತೀನಿ ಸರ್. ಮ್ಯಾನಿಕಿನ್ ಬೇಡ, ಮಂಚದ ಮೇಲೆ ಎರಡು ದಿಂಬು ಸಾಕು. ಪಾಳಿ ಬದಲಾಗುವಾಗ ಮಾಡಿ, ಆಗ ಎರಡು ಪಾಳಿಯವರೂ ಸಿಗುತ್ತಾರೆ. ಹತ್ತು ನಿಮಿಷಕ್ಕಿಂತ ಎಳೆಯಬೇಡಿ, ನಮಗೆ ಬಸ್ ಇರುತ್ತೆ. "ವೆಂಟಿಲೇಟರ್ ರೋಗಿ, ಸ್ಯಾಚುರೇಶನ್ 70" ಅನ್ನಿ. ನಾವು ಸರ್ಕೀಟ್ ಬಿಚ್ಚಿ ಆಂಬು (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ಹಿಡಿಯುತ್ತೇವೆ, ನೀವು ನಾಲ್ಕು ಕಾರಣ ಹೇಳಬೇಕು: ಟ್ಯೂಬ್ ಜರುಗಿದೆಯಾ, ಕಟ್ಟಿಕೊಂಡಿದೆಯಾ, ಎದೆಯಲ್ಲಿ ಗಾಳಿ ತುಂಬಿದೆಯಾ, ಮೆಷಿನ್ನಿನ ದೋಷವಾ.

ಔಷಧಿ ಹೇಳುವಾಗ ಹೆಸರು ಹಿಡಿದು ಒಬ್ಬರಿಗೇ ಹೇಳಿ, ಅವರು ವಾಪಸ್ ಹೇಳಲಿ. "ಯಾರಾದ್ರೂ ಅಡ್ರಿನಲಿನ್ ಕೊಡಿ" ಅಂದರೆ ಇಬ್ಬರು ಕೊಡುತ್ತಾರೆ, ಇಲ್ಲ ಯಾರೂ ಕೊಡಲ್ಲ. ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಮದ್ದು) ಎಷ್ಟಕ್ಕೆ ಎಷ್ಟು ಕಲಸಬೇಕು ಅಂತ ಒಂದೇ ಲೆಕ್ಕ ಗೋಡೆಗೆ ಬರೆಸಿ, ಡಾಕ್ಟ್ರು ಬದಲಾದಂತೆ ಅದು ಬದಲಾಗಬಾರದು. ಹೊಸದಾಗಿ ಬಂದ ಸಿಸ್ಟರ್‌ಗೆ ಮೊದಲ ದಿನವೇ ಕ್ರ್ಯಾಶ್ ಟ್ರಾಲಿ (ತುರ್ತು ಔಷಧಿ, ಸಲಕರಣೆಗಳ ಗಾಡಿ) ಪೂರ್ತಿ ಖಾಲಿ ಮಾಡಿಸಿ, ಮತ್ತೆ ಅವರ ಕೈಯಲ್ಲೇ ಜೋಡಿಸಿಸಿ. ಗಂಟಲಿಗೆ ಟ್ಯೂಬ್ ಹಾಕುವಾಗ ಬಳಸುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಹತ್ತುತ್ತಾ ಅಂತ ಆಗಲೇ ಗೊತ್ತಾಗುತ್ತೆ.