ಎಲ್ಲದಕ್ಕೂ ‘ವೆರಿ’ ಹಾಕೋದು ಬಿಟ್ಟು ಬೇರೆ ಏನು ಹಾಕಬಹುದು?

ತೋಟದ_ಮನೆ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಬರುವವರಲ್ಲಿ ಹೊರರಾಜ್ಯದವರು ಜಾಸ್ತಿ, ಮಳೆಗಾಲದಲ್ಲಿ ಕಪ್ಪೆ, ಹಾವು ನೋಡೋಕೆ ಅಂತ ಹೊರದೇಶದವರೂ ಬರುತ್ತಾರೆ. ಅವರಿಗೆ ಮೊದಲೇ ಕಳಿಸೋಕೆ ಇಂಗ್ಲಿಷಿನಲ್ಲಿ ಒಂದು ಪುಟ ಮಾಹಿತಿ ಬರೆಯುತ್ತಿದ್ದೇನೆ. ನೋಡಿದರೆ ಸಾಲು ಸಾಲಿಗೂ ‘ವೆರಿ’. ‘ದ ರೇನ್ ಈಸ್ ವೆರಿ ಹೆವಿ’, ‘ದ ಪಾತ್ ಈಸ್ ವೆರಿ ಸ್ಲಿಪರಿ’, ‘ಕಡುಬು ಈಸ್ ವೆರಿ ಡಿಲಿಷಿಯಸ್’. ನನ್ನ ತಮ್ಮ ಫೋನಿನಲ್ಲಿ ಹುಡುಕಿ ಸಮಾನ ಪದಗಳ ಪಟ್ಟಿ ಕೊಟ್ಟ: ‘ಎಕ್ಸ್‌ಟ್ರೀಮ್ಲಿ’, ‘ಹೈಲಿ’, ‘ಡೀಪ್ಲಿ’, ‘ಅಟರ್ಲಿ’, ‘ಟೂ’, ‘ಕ್ವೈಟ್’. ಇವುಗಳಲ್ಲಿ ಯಾವುದನ್ನು ಬೇಕಾದರೂ ಎಲ್ಲಿಗೆ ಬೇಕಾದರೂ ಹಾಕಬಹುದಾ, ಅಥವಾ ಅದಕ್ಕೂ ಏನಾದರೂ ಲೆಕ್ಕ ಇದೆಯಾ? ‘ಹೈಲಿ ಹಾಟ್ ಕಷಾಯ’ ಅಂತ ಹಾಕಿ ಓದಿ ನೋಡಿದೆ, ಯಾಕೋ ಕಿವಿಗೆ ಒಗ್ಗಲಿಲ್ಲ.

ನೆಹರೂ_ರಸ್ತೆ_ಮೇಷ್ಟ್ರು (ಶಿವಮೊಗ್ಗ):
ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ. ‘ಟೂ’ದಿಂದ ಶುರು ಮಾಡುತ್ತೇನೆ, ಯಾಕೆಂದರೆ ಆ ಪಟ್ಟಿಯಲ್ಲಿ ಅಪಾಯದ್ದು ಅದೇ. ಅದು ‘ವೆರಿ’ಗೆ ಸಮಾನ ಪದವೇ ಅಲ್ಲ. ಹೈಸ್ಕೂಲಿನಲ್ಲಿ ‘ಟೂ... ಟು’ ಇರುವ ವಾಕ್ಯವನ್ನು ‘ಸೋ... ದಟ್’ಗೆ ಬದಲಿಸಿ ಅಂತ ಬರೆಸುತ್ತಿದ್ದರಲ್ಲ, ನೆನಪಿದೆಯಾ? ‘ಹಿ ಈಸ್ ಟೂ ವೀಕ್ ಟು ವಾಕ್’ ಅಂದರೆ ನಡೆಯಲಾರದಷ್ಟು ನಿತ್ರಾಣ. ಆ ‘ಆಗದಷ್ಟು’ ಅನ್ನೋದು ‘ಟೂ’ ಬೆನ್ನಿಗೇ ಇರುತ್ತದೆ. ದಾರಿ ‘ವೆರಿ ಸ್ಲಿಪರಿ’ ಅಂದರೆ ಜಾರುತ್ತದೆ, ನೋಡಿಕೊಂಡು ಹೆಜ್ಜೆ ಇಡಿ ಅಂತ. ‘ಟೂ ಸ್ಲಿಪರಿ’ ಅಂದರೆ ಅಲ್ಲಿ ಕಾಲಿಡೋ ಹಾಗೇ ಇಲ್ಲ ಅಂತ. ಚಟ್ನಿ ‘ಟೂ ಸ್ಪೈಸಿ’ ಅಂತ ನೀವೇ ಬರೆದರೆ ಬಂದವರು ರುಚಿ ನೋಡೋ ಮೊದಲೇ ಬೇಡ ಅಂತಾರೆ. ‘ಊಟ ಟೂ ಗುಡ್’ ಅಂತ ಹೊಗಳೋದು ನಮ್ಮ ನಮ್ಮಲ್ಲಿ ನಡೆಯುತ್ತದೆ, ಬರಹದಲ್ಲಿ ಬೇಡ.

ಇನ್ನು ಕೆಲವು ಪದಗಳ ಹೊಟ್ಟೆಯಲ್ಲೇ ‘ತುಂಬಾ’ ಇದೆ. ‘ಎನಾರ್ಮಸ್’ ಅಂದರೇ ತುಂಬಾ ದೊಡ್ಡದು, ‘ಎಕ್ಸಾಸ್ಟೆಡ್’ ಅಂದರೇ ಪೂರ್ತಿ ಸುಸ್ತು, ‘ಡಿಲಿಷಿಯಸ್’ ಅಂದರೇ ಬಹಳ ರುಚಿ. ಇವುಗಳ ಜೊತೆ ‘ವೆರಿ’ ಅಷ್ಟಾಗಿ ಹೊಂದಲ್ಲ, ‘ಆಬ್ಸಲ್ಯೂಟ್ಲಿ’ ಹೊಂದುತ್ತದೆ. ಉಲ್ಟಾನೂ ಅಷ್ಟೇ, ‘ಆಬ್ಸಲ್ಯೂಟ್ಲಿ ಬಿಗ್’ ಅನ್ನಲ್ಲ. ‘ರಿಯಲಿ’ ಮಾತ್ರ ಎರಡೂ ಕಡೆ ಸಲ್ಲುತ್ತದೆ, ಅನುಮಾನ ಬಂದಾಗ ಅದನ್ನು ಹಾಕಿ, ಆದರೆ ಅರ್ಜಿ, ಕಚೇರಿ ಪತ್ರದಲ್ಲಿ ಬೇಡ.

ಉಳಿದಿದ್ದು ಜೋಡಿಯ ವಿಷಯ, ನನಗೆ ಬಹಳ ಇಷ್ಟವಾದದ್ದು ಇದೇ. ಕನ್ನಡದಲ್ಲೇ ನೋಡಿ. ‘ಕಡುಗಪ್ಪು’ ಅಂತೀವಿ, ‘ಕಡುಬಿಳಿ’ ಅಂತ ಯಾರೂ ಅನ್ನಲ್ಲ, ಬಿಳಿಗೆ ‘ಅಚ್ಚ’ ಬೇಕು. ಮೊದಲಿಗೆ ‘ಮೊಟ್ಟ’, ಕಡೆಗೆ ‘ಕಟ್ಟ’, ತುದಿಗೆ ‘ತುತ್ತ’, ನಡುವಿಗೆ ‘ನಟ್ಟ’. ಮಾಡೋ ಕೆಲಸ ಎಲ್ಲದರದ್ದೂ ಒಂದೇ, ಆದರೂ ‘ತುತ್ತಮೊದಲು’ ಅಂದರೆ ಚಿಕ್ಕ ಮಗುವೂ ನಗುತ್ತದೆ. ಇಂಗ್ಲಿಷಿನಲ್ಲೂ ಹಾಗೇ. ‘ಹೈಲಿ’ ಹೋಗೋದು ‘ರೆಕಮೆಂಡೆಡ್’, ‘ಸ್ಕಿಲ್ಡ್’, ‘ಅನ್‌ಲೈಕ್ಲಿ’ ಜೊತೆ. ಕಾಳಿಂಗ ಸರ್ಪದ ಬಗ್ಗೆ ಬರೆಯುವುದಾದರೆ ‘ಹೈಲಿ ವೆನಮಸ್’ ಚೆನ್ನಾಗಿ ಕೂರುತ್ತದೆ. ‘ಡೀಪ್ಲಿ’ ಮನಸ್ಸಿಗೆ ಸಂಬಂಧಪಟ್ಟದ್ದು: ‘ಡೀಪ್ಲಿ ಗ್ರೇಟ್‌ಫುಲ್’, ‘ಡೀಪ್ಲಿ ಸಾರಿ’. ಕೊರೆಯುವ ಚಳಿಗೆ ‘ಬಿಟರ್ಲಿ ಕೋಲ್ಡ್’. ‘ಅಟರ್ಲಿ’ ಹೆಚ್ಚಾಗಿ ಕೆಟ್ಟದ್ದರ ಜೊತೆ ಬರುತ್ತದೆ, ‘ಅಟರ್ಲಿ ಯೂಸ್‌ಲೆಸ್’ ಥರ. ಅಮುಲ್ ಬೆಣ್ಣೆಯವರ ‘ಅಟರ್ಲಿ ಬಟರ್ಲಿ ಡಿಲಿಷಿಯಸ್’ ಅಷ್ಟು ಚೆಂದ ಕೇಳೋದು ಪ್ರಾಸದ ಬಲದಿಂದ. ಇನ್ನು ನಿಮ್ಮ ಕಷಾಯಕ್ಕೆ ‘ಪೈಪಿಂಗ್ ಹಾಟ್’, ಕರೆಂಟ್ ಹೋದ ರಾತ್ರಿಗೆ ‘ಪಿಚ್ ಡಾರ್ಕ್’, ಮಳೆಯಲ್ಲಿ ತೊಯ್ದು ಬಂದವರಿಗೆ ‘ಸೋಕಿಂಗ್ ವೆಟ್’. ಇವನ್ನೆಲ್ಲ ಒಂಟಿಯಾಗಿ ಕಲಿಯಬಾರದು, ಜೋಡಿಯಾಗಿಯೇ ಬಾಯಿಗೆ ಬರಬೇಕು.

ಸಾಗರದವಳು (ಈಗ ಬೆಂಗಳೂರು):
ಮೇಷ್ಟ್ರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ‘ವೆರಿ’ ಒಂದೇ ಕ್ರಿಯಾಪದದ ಜೊತೆ ನಿಲ್ಲಲ್ಲ. ‘ಐ ವೆರಿ ಲೈಕ್’ ಆಗಲ್ಲ, ‘ಐ ಲೈಕ್ ಇಟ್ ವೆರಿ ಮಚ್’ ಆಗಬೇಕು. ಮಳೆ ಸುರಿಯೋದಕ್ಕೆ ‘ಇಟ್ ರೇನ್ಸ್ ಹೆವಿಲಿ’. ‘ವೆರಿ ಬೆಟರ್’ ಕೂಡ ಇಲ್ಲ, ‘ಮಚ್ ಬೆಟರ್’ ಅಥವಾ ‘ಫಾರ್ ಬೆಟರ್’.

ಆದರೆ ಅಕ್ಕ, ನನ್ನ ಕೇಳಿದರೆ ಅರ್ಧ ಕಡೆ ಇದು ಯಾವುದೂ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ಸಂಖ್ಯೆ ಬರೆಯಿರಿ, ಕೆಳಗೆ ಜುಲೈಯಲ್ಲಿ ಒಗೆದ ಬಟ್ಟೆ ಬಚ್ಚಲ ಒಲೆ ಹತ್ತಿರ ಹರವಿದರೂ ಒಂದೇ ದಿನಕ್ಕೆ ಒಣಗಲ್ಲ, ಹೆಚ್ಚಿಗೆ ಜೊತೆ ತನ್ನಿ ಅಂತ ಸೇರಿಸಿ. ‘ಎಕ್ಸ್‌ಟ್ರೀಮ್ಲಿ ಹೆವಿ’ ಅಂತ ಓದಿದವರು ಛತ್ರಿ ತರ್ತಾರೆ, ಇದನ್ನು ಓದಿದವರು ಸರಿಯಾಗಿ ತಯಾರಾಗಿ ಬರ್ತಾರೆ. ಜೋಗಕ್ಕೂ ಅಷ್ಟೇ, ‘ವೆರಿ ಹೈ’ ಯಾಕೆ ಬೇಕು, 253 ಮೀಟರ್ ಅಂದರೆ ಸಾಕಲ್ವಾ?

ಹೊಸನಗರ_ಹುಡುಗ:
‘ವೆರಿ’ಯನ್ನು ಪೂರ್ತಿ ಓಡಿಸಬೇಕು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಅದು ಹಳೆಯ ಫ್ರೆಂಚಿನಿಂದ ಬಂದ ಪದ, ಮೂಲ ಅರ್ಥ ‘ನಿಜವಾದ’ ಅಂತ. ಬಳಸಿ ಬಳಸಿ ಬಲ ಕಮ್ಮಿಯಾಗಿದೆ ಅಷ್ಟೇ. ಅದರ ಜಾಗಕ್ಕೆ ತರೋ ಪದಗಳ ಗತಿಯೂ ಅದೇ, ‘ಟೆರಿಬ್ಲಿ’, ‘ಆಫುಲಿ’ ಎರಡರಲ್ಲೂ ಒಂದು ಕಾಲದಲ್ಲಿ ಭಯ ಇತ್ತು, ಈಗ ‘ಟೆರಿಬ್ಲಿ ಸಾರಿ’ ಅಂದರೆ ಯಾರೂ ಬೆಚ್ಚಲ್ಲ. ಪುಟದಲ್ಲಿ ಎರಡು ಮೂರು ‘ವೆರಿ’ ಇರಲಿ ಬಿಡಿ. ಜಾರೋ ದಾರಿಗೆ ಅದೇ ಸರಿಯಾದ ಪದ. ಓದೋರಿಗೆ ಇಂಗ್ಲಿಷ್ ಮಾತೃಭಾಷೆ ಆಗಿರದಿದ್ದರೂ ತಕ್ಷಣ ತಿಳಿಯುತ್ತದೆ.

ತೋಟದ_ಮನೆ (ತೀರ್ಥಹಳ್ಳಿ):
ಎಲ್ಲರಿಗೂ ಧನ್ಯವಾದ. ದಾರಿಗೆ ‘ವೆರಿ ಸ್ಲಿಪರಿ’ ಹಾಗೇ ಇಟ್ಟೆ, ಕಷಾಯಕ್ಕೆ ‘ಪೈಪಿಂಗ್ ಹಾಟ್’, ಕಡುಬಿಗೆ ‘ಆಬ್ಸಲ್ಯೂಟ್ಲಿ ಡಿಲಿಷಿಯಸ್’. ಮಳೆಗೆ ಸಂಖ್ಯೆ ಮತ್ತು ಬಟ್ಟೆಯ ಸಾಲು ಹಾಕಿದೆ. ಒಂದು ಉಳಿಯಿತು ಮೇಷ್ಟ್ರೇ. ಉಂಬಳಕ್ಕೆ ಜನ ಹೆದರುತ್ತಾರೆ, ಅದಕ್ಕೆ ‘ಲೀಚಸ್ ಆರ್ ಕ್ವೈಟ್ ಹಾರ್ಮ್‌ಲೆಸ್’ ಅಂತ ಬರೆಯಬಹುದಾ?

ನೆಹರೂ_ರಸ್ತೆ_ಮೇಷ್ಟ್ರು (ಶಿವಮೊಗ್ಗ):
‘ಕ್ವೈಟ್’ ಕೈಕೊಡೋ ಪದ. ‘ಕ್ವೈಟ್ ಗುಡ್’ ಅಂದರೆ ಬ್ರಿಟನ್ನಿನವರಿಗೆ ಎಷ್ಟೋ ಸಲ ‘ಪರವಾಗಿಲ್ಲ’ ಅಂತ, ಅಮೆರಿಕದವರಿಗೆ ‘ಬಹಳ ಚೆನ್ನಾಗಿದೆ’ ಅಂತ. ‘ಕ್ವೈಟ್ ಪರ್ಫೆಕ್ಟ್’ ಅಂದರೆ ಮತ್ತೆ ‘ಪೂರ್ತಿ’ ಅಂತ. ಹೆದರಿದವರಿಗೆ ಧೈರ್ಯ ಹೇಳೋ ಸಾಲಿನಲ್ಲಿ ಇಷ್ಟು ಗೊಂದಲ ಬೇಡ. ಸಾಗರದ ತಂಗಿ ಹೇಳಿದ ದಾರಿಯೇ ಇಲ್ಲಿ ಒಳ್ಳೆಯದು. ಮಳೆಗಾಲದಲ್ಲಿ ಉಂಬಳ ಇರುತ್ತದೆ, ಕಚ್ಚಿದ್ದು ಅಷ್ಟಾಗಿ ನೋಯಲ್ಲ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಉದ್ದ ಕಾಲುಚೀಲ ತನ್ನಿ. ಇಷ್ಟನ್ನೇ ಇಂಗ್ಲಿಷಿಗೆ ತಂದು ಇಲ್ಲಿ ಹಾಕಿ, ನಾನು ನೋಡಿಕೊಡುತ್ತೇನೆ.