ಸಹಾಯ ಬೇಕು: ವಿಕಲಚೇತನರ ಗ್ರಾಮಸಭೇಲಿ ನನ್ನ ತಮ್ಮನೂ ಮಾತಾಡಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಹತ್ತಿರ ಹಳ್ಳಿ. ತಮ್ಮನಿಗೆ ಬೌದ್ಧಿಕ ವಿಕಲತೆ ಇದೆ, ಓದೋಕೆ ಬರಲ್ಲ. ಪಂಚಾಯ್ತಿ ಹಣದಲ್ಲಿ ಶೇ. 5 ವಿಕಲಚೇತನರಿಗೆ ಮೀಸಲು. ಅದನ್ನ ಯಾವುದಕ್ಕೆ ಬಳಸಬೇಕು ಅಂತ ಸಭೇಲಿ ಕೇಳೋದು ಮಾತ್ರ ಅಪ್ಪ-ಅಮ್ಮಂದಿರನ್ನ. ಮನೆಯವರು ಗಾಲಿಕುರ್ಚಿ, ಪಿಂಚಣಿ ಅಂತಾರೆ, ಅದೂ ಬೇಕು. ಆದರೆ ಇವನ ಆಸೆಯೇ ಬೇರೆ: ರೇಷ್ಮೆ ಹುಳುಮನೇಲಿ ಸೊಪ್ಪು ಹಾಕೋದು ಕಲಿತು ಕೂಲಿ ಸಂಪಾದಿಸಬೇಕು, ಒಬ್ಬನೇ ಬಸ್ಸು ಹತ್ತಿ ಚಿಂತಾಮಣಿಗೆ ಹೋಗಬೇಕು.

ಚಿತ್ರದ ಕಾರ್ಡುಗಳಿದ್ದರೆ ತೋರಿಸಿ ಹೇಳ್ತಾನೆ, ಅವಸರ ಮಾಡಬಾರದು ಅಷ್ಟೇ. ಅಂಥ ಕಾರ್ಡು ಬರೆದುಕೊಡೋ ಡ್ರಾಯಿಂಗ್ ಮೇಷ್ಟ್ರು ಯಾರಾದರೂ ಇದ್ದೀರಾ? ನಿಮ್ಮೂರಲ್ಲಿ ಇಂಥವರನ್ನೇ ಕೂರಿಸಿ ಕೇಳಿರೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ಪಂಚಾಯ್ತೀಲಿ ವಿಕಲಚೇತನರ ಕೆಲಸ ನೋಡಿಕೊಳ್ಳೋರು) ಇದ್ದರೆ, ಹೇಗೆ ನಡೆಸಿದ್ರಿ ದಯವಿಟ್ಟು ತಿಳಿಸಿ.