ಪಿಎಲ್‌ಜಿಎಫ್ 120 ಬಂದಿದೆ, ಜಾಸ್ತಿ ಮಾಡೋಕೆ ಏನಾದರೂ ದಾರಿ ಇದೆಯಾ?

ದೊಡ್ಡಮ್ಮ ಆಗುವವಳು

ನನ್ನ ತಂಗಿಗೆ ಈಗ 31 ವಾರ. ಚೊಚ್ಚಲು. ಇಷ್ಟು ದಿನ ಬಿಪಿ ಸರಿಯಾಗೇ ಇತ್ತು, ಹೋದ ವಾರ 144/92 ಬಂತು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೂ ಇಳಿಯಲಿಲ್ಲ. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಡಾಕ್ಟರ್ ಬಿಪಿ ಮಾತ್ರೆ ಶುರು ಮಾಡಿ ಒಂದು ರಕ್ತ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟ್‌ನಲ್ಲಿ ಮೂರೇ ಸಾಲು: ಎಸ್‌ಎಫ್‌ಎಲ್‌ಟಿ-1 3480, ಪಿಎಲ್‌ಜಿಎಫ್ 120, ಅನುಪಾತ 29. ಮೊದಲೆರಡೂ ಮಾಸಿನಿಂದ ರಕ್ತಕ್ಕೆ ಬರುವ ಪ್ರೋಟೀನ್‌ಗಳಂತೆ. "ಪ್ರಿಎಕ್ಲಾಂಪ್ಸಿಯಾ ಸದ್ಯಕ್ಕಿಲ್ಲ, ಮುಂದಿನ ವಾರ ಬನ್ನಿ" ಅಂದರು. ಅದು ಬಸಿರಲ್ಲಿ ಬಿಪಿ ಏರಿ ಕಿಡ್ನಿ, ಲಿವರ್‌ಗೂ ಪೆಟ್ಟು ಕೊಡಬಹುದಾದ ಕಾಯಿಲೆಯಂತೆ. ಆದರೆ ಪಿಎಲ್‌ಜಿಎಫ್ 100ಕ್ಕಿಂತ ಕೆಳಗೆ ಹೋದರೆ ಅಪಾಯ ಅಂತ ಓದಿದೆ. 120 ಅಂದರೆ ಅಂಚಿನಲ್ಲೇ ಇದೆ ಅಲ್ವಾ? ಅದನ್ನು ಜಾಸ್ತಿ ಮಾಡೋಕೆ ಊಟವೋ ಮಾತ್ರೆಯೋ ಏನಾದರೂ ಇದೆಯಾ? ಅವಳು ಆರಾಮಾಗಿದ್ದಾಳೆ, ನನಗೇ ನಿದ್ದೆ ಬರುತ್ತಿಲ್ಲ.

ಹೆರಿಗೆ ವಾರ್ಡ್ ನರ್ಸ್

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ: ಇಲ್ಲ, ಪಿಎಲ್‌ಜಿಎಫ್ ಏರಿಸುವ ಊಟ, ಟಾನಿಕ್ ಯಾವುದೂ ಇಲ್ಲ. ಯಾರಾದರೂ ಇದೆ ಅಂತ ಹೇಳಿದರೆ ದುಡ್ಡು ಕೊಡಬೇಡಿ. ಕಬ್ಬಿಣದ ಅಂಶ ಕಡಿಮೆ ಆದರೆ ಮಾತ್ರೆ ಕೊಟ್ಟು ತುಂಬಿಸುತ್ತೇವಲ್ಲ, ಇದು ಆ ತರಹದ ಕೊರತೆ ಅಲ್ಲ.

ಪಿಎಲ್‌ಜಿಎಫ್ ಅನ್ನು ಮಾಸೇ ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತದೆ. ಅದರ ಹತ್ತಿರದ ನೆಂಟ ವಿಇಜಿಎಫ್ ಅಂತ ಇನ್ನೊಂದಿದೆ. ಎರಡೂ ಸೇರಿ ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿ ಇಡುತ್ತವೆ. ಬಸಿರಿನ ಶುರುವಿನಲ್ಲಿ ಗರ್ಭಕೋಶದ ಸಣ್ಣ ರಕ್ತನಾಳಗಳು ಸರಿಯಾಗಿ ಅಗಲ ಆಗದಿದ್ದರೆ ಮಾಸಿಗೆ ರಕ್ತ ಸಾಲುವುದಿಲ್ಲ, ಆಗ ಅದು ಎಸ್‌ಎಫ್‌ಎಲ್‌ಟಿ-1 ಅನ್ನೋದನ್ನು ಜಾಸ್ತಿ ಬಿಡೋಕೆ ಶುರು ಮಾಡುತ್ತದೆ, ಪಿಎಲ್‌ಜಿಎಫ್ ಕಡಿಮೆ ಆಗುತ್ತಾ ಹೋಗುತ್ತದೆ. ಎಸ್‌ಎಫ್‌ಎಲ್‌ಟಿ-1 ಅಂದರೆ ಬಾಗಿಲಿನಿಂದ ಕಳಚಿ ಬಂದ ಬೀಗ ಇದ್ದ ಹಾಗೆ. ಪಿಎಲ್‌ಜಿಎಫ್, ವಿಇಜಿಎಫ್ ಅನ್ನೋ ಕೀಲಿಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ, ಬಾಗಿಲು ತೆರೆಯೋಕೆ ಉಳಿಯುವುದಿಲ್ಲ. ಆಮೇಲೆ ತಾಯಿಯ ರಕ್ತನಾಳಗಳು ಬಿಗಿಯಾಗುತ್ತವೆ, ಬಿಪಿ ಏರುತ್ತದೆ, ಕಿಡ್ನಿಯ ಸೋಸುವ ಪದರ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ.

ಇದು ಬರೀ ಊಹೆ ಅಲ್ಲ. 2003ರಲ್ಲಿ ಬಾಸ್ಟನ್‌ನಲ್ಲಿ ಅನಂತ್ ಕರುಮಂಚಿ ಅವರ ತಂಡ ಇಲಿಗಳಲ್ಲಿ ಎಸ್‌ಎಫ್‌ಎಲ್‌ಟಿ-1 ಏರಿಸಿ ನೋಡಿತು, ಅವುಗಳಿಗೆ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ವಿಇಜಿಎಫ್ ತಡೆಯುವ ಕ್ಯಾನ್ಸರ್ ಔಷಧಿ ಬೆವಸಿಜುಮ್ಯಾಬ್ ತಗೊಳ್ಳುವವರಲ್ಲಿ ಕೆಲವರಿಗೂ ಇದೇ ಎರಡು ತೊಂದರೆ ಬರುತ್ತವೆ, ಅವರು ಬಸಿರೇ ಅಲ್ಲದಿದ್ದರೂ! ನನಗೆ ಈ ವಿಷಯ ಮನಸ್ಸಿಗೆ ಹತ್ತಿದ್ದೇ ಅದನ್ನು ಓದಿದಾಗ.

ಲ್ಯಾಬ್ ಟೆಕ್ನಿಷಿಯನ್

ಆ 100ರ ಲೆಕ್ಕ ಇಲ್ಲಿಗೆ ತರಬೇಡಿ. ಅದು ಪಿಎಲ್‌ಜಿಎಫ್ ಒಂದನ್ನೇ ಅಳೆಯುವ ಬೇರೆ ಯಂತ್ರದ್ದು. ಒಂದು ಯಂತ್ರದ ಸಂಖ್ಯೆಯನ್ನು ಇನ್ನೊಂದರ ಗಡಿಯ ಜೊತೆ ಹೋಲಿಸಿದರೆ ಸುಮ್ನೆ ಗಾಬರಿ ಆಗುತ್ತದೆ, ಇಲ್ಲವೇ ಸುಳ್ಳು ಧೈರ್ಯ ಬರುತ್ತದೆ. ಪಿಎಲ್‌ಜಿಎಫ್ ವಾರದಿಂದ ವಾರಕ್ಕೆ ಬೇರೆ ಆಗಿಯೂ ಇರುತ್ತದೆ: ಸುಮಾರು 30 ವಾರದ ತನಕ ಏರಿ ಆಮೇಲೆ ತಾನಾಗೇ ಇಳಿಯುತ್ತದೆ.

ನಿಮ್ಮ ರಿಪೋರ್ಟ್‌ನಲ್ಲಿ ನೋಡಬೇಕಾದ್ದು ಅನುಪಾತ, 3480 ಭಾಗಿಸು 120. ಈ ತರಹದ ರಿಪೋರ್ಟ್‌ಗೆ ಸಾಮಾನ್ಯವಾಗಿ ಬಳಸುವ ಗಡಿ 38. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 38 ಅಥವಾ ಅದಕ್ಕಿಂತ ಕಡಿಮೆ ಬಂದವರಲ್ಲಿ 99.3% ಜನರಿಗೆ ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯಾ ಬರಲಿಲ್ಲ. ಡಾಕ್ಟರ್ "ಮುಂದಿನ ವಾರ" ಅಂದಿದ್ದು ಅದಕ್ಕೇ ಇರಬೇಕು. ಆದರೆ 38 ದಾಟಿದವರಲ್ಲಿ ನಾಲ್ಕು ವಾರದೊಳಗೆ ಕಾಯಿಲೆ ಬಂದಿದ್ದು 36.7% ಜನರಿಗೆ ಮಾತ್ರ. ಅಂದರೆ "ಸದ್ಯಕ್ಕೆ ಇಲ್ಲ" ಅಂತ ಹೇಳೋಕೆ ಈ ಪರೀಕ್ಷೆ ಗಟ್ಟಿ, "ಬಂದೇ ಬರುತ್ತದೆ" ಅಂತ ಹೇಳೋಕೆ ಅಷ್ಟು ಗಟ್ಟಿ ಅಲ್ಲ. ಮತ್ತೆ ಮಾಡಿಸಿದರೆ ಅದೇ ಲ್ಯಾಬ್‌ನಲ್ಲೇ ಮಾಡಿಸಿ.

ಎರಡು ಮಕ್ಕಳ ತಾಯಿ

ರಿಪೋರ್ಟ್ ಚೆನ್ನಾಗಿದೆ ಅಂತ ಮೈ ಹೇಳುವುದನ್ನು ಕಡೆಗಣಿಸಬೇಡಿ, ದಯವಿಟ್ಟು. ನನಗೆ ಮೊದಲನೇ ಬಸಿರಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂತು, ಮನೆಯಲ್ಲಿ ಎಲ್ಲರೂ ಗ್ಯಾಸ್ ಅಂದರು. ರಾತ್ರಿ ಹೊತ್ತಿಗೆ ಮಾತ್ರೆಗೂ ಜಗ್ಗದ ತಲೆನೋವು, ಟಿವಿ ನೋಡುತ್ತಿದ್ದರೆ ಕಣ್ಣ ಮುಂದೆ ಮಿಣುಕು ಮಿಣುಕು. ಆಸ್ಪತ್ರೆಗೆ ಹೋದಾಗ ಬಿಪಿ 170/112, ಲಿವರ್‌ಗೂ ಪೆಟ್ಟು ಬಿದ್ದಿತ್ತು. ಅದೇ ರಾತ್ರಿ ಹೆರಿಗೆ ಮಾಡಿಸಿದರು. ನಿಮ್ಮ ತಂಗಿಗೆ ಇಂಥದ್ದೇನಾದರೂ ಕಂಡರೆ, ಬಿಪಿ 160/110 ಮುಟ್ಟಿದರೆ, ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ ಮುಂದಿನ ವಾರದ ತನಕ ಕಾಯಬೇಡಿ, ಆಗಲೇ ಹೊರಡಿ.

ದೊಡ್ಡಮ್ಮ ಆಗುವವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಲಕ್ಷಣಗಳನ್ನೆಲ್ಲ ಬರೆದು ಅವಳಿಗೂ ಅವಳ ಗಂಡನಿಗೂ ಕಳಿಸಿದೆ. ಹೆರಿಗೆ ಆದಮೇಲೆ ಇದೆಲ್ಲ ಸರಿಹೋಗುತ್ತಾ? ಮುಂದಿನ ಸಲ ತಡೆಯೋಕೆ ಆಗುತ್ತಾ?

ಹೆರಿಗೆ ವಾರ್ಡ್ ನರ್ಸ್

ಮಾಸು ಹೊರಗೆ ಬಂದಮೇಲೆ ಎಸ್‌ಎಫ್‌ಎಲ್‌ಟಿ-1 ಕೆಲವೇ ದಿನದಲ್ಲಿ ಇಳಿಯುತ್ತದೆ. ಪ್ರಿಎಕ್ಲಾಂಪ್ಸಿಯಾಗೆ ಹೆರಿಗೆಯೇ ಮದ್ದು ಅನ್ನೋದು ಅದಕ್ಕೇ. ಆದರೂ ಬಿಪಿ ಹೆರಿಗೆಯಾದ ಮೊದಲ ವಾರದಲ್ಲೇ ಮತ್ತೆ ಏರಬಹುದು, ಕೆಲವರಿಗೆ ಪ್ರಿಎಕ್ಲಾಂಪ್ಸಿಯಾ ಶುರುವಾಗುವುದೇ ಆಗ, ಆದ್ದರಿಂದ ಮನೆಗೆ ಬಂದಮೇಲೂ ನೋಡುತ್ತಾ ಇರಿ.

ತಡೆಯೋಕೆ ಕೆಲಸಕ್ಕೆ ಬರುವುದು ಕಡಿಮೆ ಪ್ರಮಾಣದ ಆಸ್ಪಿರಿನ್. 2017ರ ಒಂದು ಅಧ್ಯಯನದಲ್ಲಿ ಜಾಸ್ತಿ ಅಪಾಯ ಇದ್ದವರಿಗೆ 11ರಿಂದ 14 ವಾರದೊಳಗೆ ಶುರು ಮಾಡಿ 36 ವಾರದ ತನಕ ದಿನಾ ರಾತ್ರಿ 150 ಮಿಲಿಗ್ರಾಂ ಕೊಟ್ಟರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾದಂಥ ಪ್ರಿಎಕ್ಲಾಂಪ್ಸಿಯಾ 4.3%ರಿಂದ 1.6%ಕ್ಕೆ ಇಳಿಯಿತು. ಈಗ 31 ವಾರದಲ್ಲಿ ಹೊಸದಾಗಿ ಶುರು ಮಾಡಿ ಲಾಭ ಇಲ್ಲ, ನೀವಾಗೇ ಕೊಡಬೇಡಿ. ಮುಂದಿನ ಬಸಿರು ನಿಂತ ಕೂಡಲೇ ಈ ಸಲದ ರಿಪೋರ್ಟ್ ತೋರಿಸಿ ಕೇಳಿ, ಈಗಲೇ ಫೈಲ್‌ನಲ್ಲಿ ಜೋಪಾನವಾಗಿ ಇಡಿ.